ಸಿಂಗಾಪುರದಲ್ಲಿ ಕಂಡದ್ದು

"ನಾಳೆ ಕೋರ್ಟಲ್ಲಿ ಕೇಳಿದ್ರೆ ನಾನೇನ್ ಹೇಳ್ಲಿ?" ಎಂದಳು ಮಾರಮ್ಮ, ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿ.

ಸೊಸೆ ಮುನಿಲಕ್ಷ್ಮಮ್ಮ ತಲೆಯೆತ್ತಲಿಲ್ಲ. "ಕಂಡಿದ್ದು ಹೇಳಿ ಅತ್ತೆ. ನಾನಾಗಿ ಏನೂ ಹೇಳ್ಕೊಡಲ್ಲ."

ಕಂಡವಳು ಮಾರಮ್ಮ ಒಬ್ಬಳೇ. ಸಿಂಗಾಪುರದಲ್ಲಿ ಹಡಗು ಕಟ್ಟುವ ಕಡೆ ವೆಲ್ಡರ್ ಆಗಿದ್ದ ಮಗ ದೇವದಾಸ್, ಊರು ತೋರಿಸುತ್ತೇನೆಂದು, ಹೆಂಡತಿ ಮುನಿಲಕ್ಷ್ಮಮ್ಮನನ್ನು ಬಿಟ್ಟು, ತಾಯಿಗೆ ಮಾತ್ರ ಟಿಕೆಟ್ ಕಳಿಸಿದ್ದ. ಸಾರಕ್ಕಿಯ ಆ ಬೀದಿಯಿಂದ ವಿಮಾನ ಹತ್ತಿದವರಲ್ಲಿ ಅವಳೇ ಮೊದಲು. ಅವಳು ಹೋಗಿ ವಾರ ತುಂಬುವುದರೊಳಗೆ ಅವಳನ್ನು ಅಲ್ಲಿಯ ದೇವಸ್ಥಾನವೊಂದರಲ್ಲಿ ಕೂರಿಸಿ, ಅವಳೆದುರೇ ಒಬ್ಬ ಹುಡುಗಿಗೆ ತಾಳಿ ಕಟ್ಟಿದ. ಮಾರಮ್ಮ ಊರಿಗೆ ಮರಳಿ ಬಹಳ ಕಾಲ ಬಾಯಿ ಬಿಡಲಿಲ್ಲ. ಒಂದು ಮಧ್ಯಾಹ್ನ, ಸೊಸೆ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಾಗ, ತಡೆಯಲಾರದೆ ಅತ್ತು ಎಲ್ಲವನ್ನೂ ಹೇಳಿಬಿಟ್ಟಳು.

ಕೆಲಸ ಮುಗಿದು ದೇವದಾಸ್ ಒಬ್ಬನೇ ವಾಪಸು ಬಂದಾಗ ಮುನಿಲಕ್ಷ್ಮಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಅಲ್ಲಿದ್ದು ಅಲ್ಲಿಗೇ ಮುಗೀತು ಕಣೆ. ಅದಕ್ಕೂ ಈ ದೇಶಕ್ಕೂ ಏನ್ ಸಂಬಂಧ?" ಎಂದ ಅವನು.

"ಅಲ್ಲಿ ಕಟ್ಟಿದ್ದೂ ತಾಳಿನೇ ತಾನೆ? ಅವಳೂ ಕಾಯ್ತಿರ್ತಾಳೆ, ನಾನ್ ಕಾದಂಗೆ."

ಮನೆ ಮಾರಮ್ಮನದು. ಅವಳೂ ಮಗನನ್ನು ಒಳಗೆ ಕರೆಯಲಿಲ್ಲ. ಅವನು ಬನಶಂಕರಿಯಲ್ಲಿ ಬಾಡಿಗೆಗೆ ಕೋಣೆ ಹಿಡಿದ.

ಮುನಿಲಕ್ಷ್ಮಮ್ಮ ಎರಡನೇ ಮದುವೆಯ ಮೇಲೆ ಕೇಸು ಹಾಕಲು ಹೋದಳು. ಪರದೇಶದಲ್ಲಿ ಮಾಡಿದ ತಪ್ಪನ್ನು ಇಲ್ಲಿ ವಿಚಾರಿಸಬೇಕಾದರೆ ದೆಹಲಿ ಸರ್ಕಾರದ ಅಪ್ಪಣೆ ಬೇಕು ಎಂದರು ವಕೀಲರು. ಅದನ್ನು ಕೇಳಿ ಬೀದಿಯವರು ನಕ್ಕರು. ಗಂಡನನ್ನು ಜೈಲಿಗೆ ಹಾಕಿಸಲು ಹೊರಟವಳೆಂದು ಅವಳನ್ನು ಅರಿಸಿನ ಕುಂಕುಮಕ್ಕೂ ಕರೆಯುವುದನ್ನು ಬಿಟ್ಟರು. ಮಾತಿಗೆ ಉಳಿದದ್ದು ಅತ್ತೆಯೊಬ್ಬಳೇ. ವರ್ಷಗಳು ಕಳೆದು, ೧೯೮೪ರಲ್ಲಿ, ಎಲ್ಲರೂ ಮರೆತ ಮೇಲೆ ಅಪ್ಪಣೆ ಬಂತು.

ಅವರೆಕಾಯಿ ಸುಲಿದ ಮರುದಿನ, ಕೋರ್ಟಿನ ಪಡಸಾಲೆಯಲ್ಲಿ ತಾಯಿಯನ್ನು ಕಂಡು ದೇವದಾಸ್ ಎದ್ದು ಬಂದ. ಸೊರಗಿದ್ದ. "ತಿಂಡಿ ತಿಂದ್ಯೇನವ್ವಾ?" ಎಂದ. ಮಾರಮ್ಮ ತಲೆಯಾಡಿಸಿದಳು. ಹೌದೆಂದಳೋ ಇಲ್ಲವೆಂದಳೋ ತಿಳಿಯಲಿಲ್ಲ.

ಅವನ ಪರ ವಕೀಲರು ಮೆಲ್ಲಗೆ ಕೇಳಿದರು: "ಗೊತ್ತಿಲ್ಲದ ದೇಶ, ಗೊತ್ತಿಲ್ಲದ ಜನ. ನೀವು ನೋಡಿದ್ದು ಬರೀ ಪೂಜೆ ಇದ್ದಿರಬಹುದಲ್ವಾ ಅಜ್ಜಿ?"

"ಪೂಜೇಲಿ ಯಾರಾದ್ರೂ ತಾಳಿ ಕಟ್ತಾರಾ ಸ್ವಾಮಿ? ಸಪ್ತಪದಿ ತುಳಿದ್ರು. ನೋಡ್ದೆ." ಮಾರಮ್ಮ ಕಟಕಟೆಯ ಮರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನಾನೂ ಅಕ್ಷತೆ ಹಾಕ್ದೆ. ಇವಳು ಇಲ್ಲಿ ನಮ್ಮಿಬ್ಬರ ದಾರಿ ಕಾಯ್ತಿದ್ಲು. ಗೊತ್ತಿದ್ದೂ ಹಾಕ್ದೆ. ನನಗೂ ಏನಾದ್ರೂ ಶಿಕ್ಷೆ ಬರ್ಕೊಳಿ."

ಟೈಪು ಮಾಡುತ್ತಿದ್ದವನ ಕೈ ನಿಂತಿತು. "ಹೋಗಿ ಕೂತ್ಕೊಳಿ ಅಮ್ಮ" ಎಂದರು ನ್ಯಾಯಾಧೀಶರು.

ಮುಂದಿನ ತಿಂಗಳು ತೀರ್ಪು ಬಂತು. ಒಂದು ವರ್ಷ ಸಜೆ. ಪೊಲೀಸಿನವನು ತೋಳು ಹಿಡಿದಾಗ ದೇವದಾಸ್ ಹೆಂಡತಿಯ ಕಡೆ ನೋಡಲಿಲ್ಲ, ತಾಯಿಯ ಕಡೆಯೂ ನೋಡಲಿಲ್ಲ. ಈ ಗಳಿಗೆಗೆ ಎದೆ ಹಗುರಾಗುತ್ತದೆಂದು ಮುನಿಲಕ್ಷ್ಮಮ್ಮ ಎಷ್ಟೋ ಸಲ ಅಂದುಕೊಂಡಿದ್ದಳು. ಅವನ ಅಂಗಿಯ ಬೆನ್ನು ಬೆವರಿಗೆ ಅಂಟಿಕೊಂಡಿದ್ದಷ್ಟೇ ಅವಳ ಕಣ್ಣಿಗೆ ಬಿತ್ತು.

ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಅತ್ತೆ ಸೊಸೆ ಕೂತರು. ಮಾರಮ್ಮ, "ನಾನು ಹೊಸಕೆರೆಹಳ್ಳಿಗೆ ಹೋಗ್ತೀನಿ. ಮಗಳ ಮನೇಲಿರ್ತೀನಿ" ಎಂದಳು.

"ಎಷ್ಟ್ ದಿನ ಅತ್ತೆ?"

"ನೀನು ಆ ಮನೇಲೇ ಇರು. ಯಾರೂ ನಿನ್ನ ಎಬ್ಬಿಸಲ್ಲ."

"ನನ್ನ ಮೇಲೆ ಕೋಪಾನಾ?"

"ಇಲ್ಲ ಕಣಮ್ಮ." ಮಾರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಸುಳ್ಳು ಹೇಳಿದ್ರೆ ನಿನ್ನ ಮುಖ ನೋಡಕ್ಕಾಗ್ತಿರ್ಲಿಲ್ಲ. ನಿಜ ಹೇಳಿದ್ಮೇಲೂ ಆಗ್ತಿಲ್ಲ."

ಅವಳ ಬಸ್ಸು ಬಂತು. ಮುನಿಲಕ್ಷ್ಮಮ್ಮ ತೋಳು ಹಿಡಿದು ಹತ್ತಿಸಿದಳು. ಸೊಸೆ ನಿಂತ ಕಡೆಯ ಕಿಟಕಿಯ ಪಕ್ಕ ಜಾಗವಿದ್ದರೂ ಮಾರಮ್ಮ ಆಚೆ ಬದಿಗೆ ಹೋಗಿ ಕೂತಳು.

ಮುನಿಲಕ್ಷ್ಮಮ್ಮ ಮತ್ತೆ ಬೆಂಚಿಗೆ ಬಂದು ಕೂತಳು. ಸ್ವಲ್ಪ ಹೊತ್ತಿಗೆ ಸಾರಕ್ಕಿಯ ಬಸ್ಸು ಬಂದು ನಿಂತಿತು. "ಬರ್ತೀರೇನಮ್ಮ?" ಎಂದು ಕಂಡಕ್ಟರ್ ಕೂಗಿದ. ಅವಳು ಬೇಡವೆಂಬಂತೆ ಕೈಯಾಡಿಸಿದಳು. ಬಸ್ಸು ಹೋದ ಮೇಲೆ ಬೆಂಚಿನ ತುದಿಗೆ ಸರಿದು, ಪಕ್ಕದಲ್ಲಿ ಅತ್ತೆ ಕೂತಿದ್ದಷ್ಟು ಜಾಗ ಬಿಟ್ಟು ಕೂತಳು.