ಸತ್ತದ್ದಕ್ಕೆ ಪಾಲಿಲ್ಲ

"ಎಳೀಕಾ, ಬಿಡ್ಕಾ ಅತ್ಗಿ? ಬೇಗ ಹೇಳಿ."

ನಾಗ ಅಂಗಳದ ತುದಿಯಲ್ಲೇ ನಿಂತು ಕೇಳಿದ. ಸೊಂಟದವರೆಗೆ ಒದ್ದೆ, ಅಂಗೈಯಲ್ಲಿ ಹಗ್ಗದ ಕೆಂಪು ಗೆರೆ. ಬೆಳಕು ಹರಿಯುವಾಗ ಕಡಲಿಗೆ ಬಿಟ್ಟ ಕೈರಂಪಣಿ ಬಲೆಯನ್ನು ಹತ್ತಾರು ಜನ ಸೇರಿ ಅರ್ಧ ದಡಕ್ಕೆ ಎಳೆದಿದ್ದರು, ಅಷ್ಟರಲ್ಲಿ ಕುಷ್ಟಣ್ಣ ಹೋದ ಸುದ್ದಿ ಬಂತು. ಹೆಣ ಮನೆಯಲ್ಲಿರುವಾಗ ನಾವುಂದದ ಈ ಕೇರಿಯಲ್ಲಿ ಯಾರೂ ಬಲೆ ಮುಟ್ಟುವುದಿಲ್ಲ. ಆದರೆ ಮುಟ್ಟಿ ಆಗಿದೆಯಲ್ಲ, ಏನು ಮಾಡುವುದು! ಎರಡೂ ಕಡೆಯ ಹಗ್ಗ ಹಿಡಿದವರು ಎಳೆಯಲೂ ಆರದೆ ಬಿಡಲೂ ಆರದೆ ಮರಳಿನ ಮೇಲೆ ನಿಂತುಬಿಟ್ಟಿದ್ದರು.

ಸರೋಜ ಗಂಡ ಕುಷ್ಟನ ತಲೆಯ ಹತ್ತಿರದ ದೀಪಕ್ಕೆ ಎಣ್ಣೆ ಹೊಯ್ಯುತ್ತಿದ್ದಳು. ತಲೆ ಎತ್ತಲಿಲ್ಲ.

"ಎಳಿ."

"ಅಯ್ಯೋ ದೇವ್ರೇ, ಹೆಣ ಇಟ್ಕಂಡ್ ಬಲಿ ಎಳುದಾ!" ಎಂದು ಪಕ್ಕದ ಮನೆಯ ಅಮ್ಮಣ್ಣಿ ಅಜ್ಜಿ ರಾಗ ತೆಗೆದಳು.

"ಹಿಡ್ದ ಹಗ್ಗ ಬಿಟ್ರೆ ಇವ್ರೇ ಎದ್ದ್ ಬಂದ್ ಬೈತ್ರ್ ಅಜ್ಜಿ. ಅಷ್ಟ್ ಮೀನ್ ಕೊಳ್ಸೂಕೆ ಇವ್ರ್ ಸತ್ತದ್ದಾ? ಎಳಿ ನಾಗ. ಕಿಚ್ಚ್ ಕೊಟ್ಟಾದ್ಮೇಲೆ ಪಾಲ್ ಕೂಗಿ, ಸಾಕ್."

ನಾಗ ಒಂದೇ ಓಟಕ್ಕೆ ದಡ ಸೇರಿದ.

* * *

ಕುಷ್ಟ ಹರೆಯದಲ್ಲಿ ಮುಂಬೈಯ ಬಟ್ಟೆ ಗಿರಣಿಗೆ ಹೋದವ. ಗಿರಣಿ ಬಾಗಿಲು ಹಾಕಿದ ಮೇಲೆ ಬರಿಗೈಯಲ್ಲಿ ಊರಿಗೆ ಬಂದ. ಬರಿಗೈ ಎಂದರೂ ತಪ್ಪೇ, ಮಾರ್ಕ್ಸನನ್ನು ಕಟ್ಟಿಕೊಂಡು ಬಂದಿದ್ದ! ಯೂನಿಯನ್ ಆಫೀಸಿನಲ್ಲಿ ಕೇಳಿದ್ದನ್ನೆಲ್ಲ ಊರಿನ ಮಾತಿಗೆ ಇಳಿಸಿ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ. ಆಗಷ್ಟೇ ದೊಡ್ಡ ಬೋಟುಗಳು ಬಂದಿದ್ದವು. ಹಿಡಿದ ಮೀನಿನಲ್ಲಿ ಬೋಟಿಗೆ ಪಾಲು, ಇಂಜಿನ್ನಿಗೆ ಪಾಲು, ಬಲೆಗೆ ಪಾಲು, ಮಿಕ್ಕಿದ್ದು ಬೆವರು ಸುರಿಸಿದವರಿಗೆ.

"ಇಂಜಿನ್ ಉಣ್ಣತ್ತಾ? ಅದ್ಕ್ ಹೆಂಡ್ತಿ ಮಕ್ಳ್ ಇದ್ದ್ರಾ?" ಎಂದು ಕುಷ್ಟ ಕೇಳುತ್ತಿದ್ದ. "ಜೀವ ಇಲ್ದಿದ್ದಕ್ಕೆ ಮೊದ್ಲ್ ಪಾಲ್, ಜೀವ ಇಪ್ಪವ ಬಾಯ್ ಬಿಡುದ್. ಬಂಡವಾಳ ಅಂದ್ರೆ ಇದೇ ಕಾಣಿ."

ಕೇರಿ ನಕ್ಕಿತು. ನಕ್ಕರೂ, ಕೈರಂಪಣಿಯಲ್ಲಿ ಅವನು ತಂದ ಕಟ್ಟಳೆ ನಿಂತಿತು. ಬಲೆಗೆ ಪಾಲಿಲ್ಲ. ಎಳೆದವನಿಗೆಲ್ಲ ಸರಿಸಮ. ಕಾಯಿಲೆ ಬಿದ್ದು ಮಲಗಿದವನಿಗೂ ಅಷ್ಟೇ, ಅವನ ಉಸಿರಿರುವವರೆಗೆ. ಮರಳಿನ ಮೇಲೆ ಮೀನಿನ ರಾಶಿ ಹಾಕಿ ಒಬ್ಬೊಬ್ಬರದೇ ಹೆಸರು ಕೂಗುವುದು, ಇದ್ದೇನೆ ಎಂಬುದಕ್ಕೆ "ಇದ್ದೆ" ಎಂದು ಕೂಗಿದವನಿಗೆ ರಾಶಿ. ಕುಷ್ಟ ಹಾಸಿಗೆ ಹಿಡಿದ ಮೇಲೆ ಸರೋಜ ಮನೆಯ ಹಿಂದಿನ ಮರಳದಿಬ್ಬ ಹತ್ತಿ ಗಂಡನ ಪರವಾಗಿ "ಇದ್ರ್!" ಎಂದು ಕೂಗುತ್ತಿದ್ದಳು. ಆ ಒಂದು ಮಾತನ್ನು ಕೂಗುವಾಗ ಅವಳಿಗೆ ಎಷ್ಟು ಹೆಮ್ಮೆ ಎಂದರೆ, ಅಕ್ಕಪಕ್ಕದ ನಾಯಿಗಳೂ ಎದ್ದು ಕೂರುತ್ತಿದ್ದವು.

* * *

ಗಂಗೊಳ್ಳಿಯಿಂದ ರತನ್ ಬಂದ. ಕುಷ್ಟನ ತಂಗಿಯ ಮಗ, ದೊಡ್ಡ ಬೋಟಿನ ಮಾಲೀಕ. ಮಕ್ಕಳಿಲ್ಲದ ಮಾವನಿಗೆ ಕಿಚ್ಚು ಕೊಡಬೇಕಾದವನೂ ಅವನೇ. ಹಾರ ಹಾಕಿ, ಮಾವನ ಕಾಲು ಹಿಡಿದು, ಚಿಕ್ಕ ಮಕ್ಕಳ ಹಾಗೆ ಅತ್ತ. ಆಮೇಲೆ ಸರೋಜಳ ಹತ್ತಿರ ಕೂತ.

"ಮಾವ ನನ್ನ್ ಕಂಡಾಗೆಲ್ಲ ಬಂಡವಾಳಗಾರ ಅಂತಿದ್ರ್ ಅತ್ತಿ. ಅದೆಲ್ಲ ಹಳೇ ಕಾಲದ್ ಮಾತ್. ಈಗ ಮಾಲೀಕ ಅಂದ್ರೆ ಯಾರ್? ಬೋಟ್ ಬ್ಯಾಂಕಿಂದ್. ಡೀಸೆಲ್ ರೇಟ್ ಏರ್ರೆ ಆಳ್ಗಳ್ ನಿದ್ರಿ ಮಾಡ್ತ್ರ್, ನಾನ್ ಎದ್ದ್ ಕೂಕಂತೆ."

"ಇವ್ರೂ ಅದ್ನೇ ಅಲ್ದಾ ಹೇಳ್ತಿದ್ದದ್ದ್? ಬೋಟ್ ನಿಂದಲ್ಲ ಮಗಾ, ನೀನೇ ಬೋಟಿಂದ್ ಅಂತ."

ಅಳುತ್ತಿದ್ದವನು ಒಮ್ಮೆ ನಕ್ಕುಬಿಟ್ಟ. "ನಿಮ್ಮತ್ರ ಗೆಲ್ಲೂಕಾತಿಲ್ಲೆ. ಆದ್ರೂ ಕೇಣಿ, ಮಾವನ ಹೆಸ್ರಿಗೆ ನನ್ ಬೋಟಿಂದ ಒಂದ್ ಪಾಲ್ ಇಡ್ತೆ. ನೀವ್ ಉಂಬುಕೆ ಚಿಂತಿ ಮಾಡ್ಬೇಡಿ."

ಅವನ ಮನಸ್ಸು ಚಿನ್ನ. ಆದರೂ ಸರೋಜ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಗಂಡನ ಉಸಿರು ನಿಂತಿತು, ಕೈರಂಪಣಿಯ ಪಾಲೂ ಇವತ್ತಿಗೆ ನಿಂತಿತು. ಗಂಡನೇ ಮಾಡಿದ ಕಟ್ಟಳೆ. ನಾಳೆಯಿಂದ ಅವಳು ಉಣ್ಣುವುದು ಯಾರ ಅನ್ನ?

* * *

ವರ್ಷಗಳ ಹಿಂದೆ ಒಂದು ಮಧ್ಯಾಹ್ನ, ಹರಿದ ಬಲೆಯನ್ನು ಕಾಲಬೆರಳಿಗೆ ಸಿಕ್ಕಿಸಿಕೊಂಡು ಹೊಲಿಯುತ್ತಿದ್ದ ಸರೋಜ ಗಂಡನನ್ನು ಕೇಳಿದ್ದಳು.

"ಹೌದಾ ಕಾಣಿ, ಎಳ್ದವ್ರಿಗೆ ಪಾಲ್ ಅಂತ್ರಿ. ನಾನ್ ಹೊಲೀದಿದ್ರೆ ನೀವ್ ಎಳುದ್ ಎಂತ? ನೀರಾ?"

ಕುಷ್ಟ ಬಾಯಿಗೆ ಹಾಕಲು ಹೊರಟ ಎಲೆ ಅಡಿಕೆಯನ್ನು ಕೆಳಗಿಟ್ಟ.

"ಮಾರಾಯ್ತಿ, ಇದ್ನ್ ನಂಗೆ ಮುಂಬೈಯಗೆ ಯಾರೂ ಹೇಳ್ಲೇ ಇಲ್ಲೆ."

ಮರುದಿನವೇ ಬಲೆಯವರ ಮುಂದೆ, ಬಲೆ ಹೊಲಿದವರಿಗೂ ಪಾಲು ಬೇಕು ಎಂದು ಮಾತು ಎತ್ತಿದ. ಗಂಡಸರು ಹೊಟ್ಟೆ ಹಿಡಿದು ನಕ್ಕರು. "ನಾಳೆ ಅನ್ನ ಬೇಯ್ಸಿದ್ದಕ್ಕೂ ಪಾಲ್ ಕೇಂತ್ರ್ ಕಾಣಿ!" ಎಂದ ನಾಗನ ನಗುವೇ ಎಲ್ಲರಿಗಿಂತ ದೊಡ್ಡದು. ಆ ದಿನ ಕುಷ್ಟ ಊಟ ಮಾಡಲಿಲ್ಲ. "ನಾನ್ ಸೋತೆ ಸರೋಜ. ಆದ್ರೆ ನೀನ್ ಕೇಂಡದ್ದ್ ಸರಿ" ಎಂದ. ಪ್ರತಿ ವರ್ಷ ಮಳೆಗಾಲ ಮುಗಿದು ಬಲೆ ಇಳಿಸುವ ಮೊದಲು ಅದನ್ನೇ ಎತ್ತುತ್ತಿದ್ದ, ಪ್ರತಿ ವರ್ಷವೂ ಸೋತು ಬರುತ್ತಿದ್ದ. ಇಷ್ಟು ಸಲ ಸೋತರೂ ನಾಚಿಕೆಪಡದ ಗಂಡ ಊರಲ್ಲಿ ಇನ್ಯಾರಿಗಿದ್ದಾನೆ ಎಂದು ಸರೋಜ ಬೀಗುತ್ತಿದ್ದಳು.

* * *

ಚಟ್ಟ ಎತ್ತುವ ಹೊತ್ತಿಗೆ ಬಲೆಯವರೆಲ್ಲ ಕಾಲಿನ ಮರಳೊಂದಿಗೇ ಬಂದರು.

"ಬಲಿ ತುಂಬ ಬಂಗಡೆ ಅತ್ಗಿ," ಎಂದ ನಾಗ. "ಎಲ್ರೂ ಒಪ್ಪಿರ್. ಇವತ್ತೂ ಕುಷ್ಟಣ್ಣನ ಹೆಸ್ರ್ ಕೂಗ್ತೊ. ನಾಳೆಯೂ ಕೂಗ್ತೊ. ನೀವ್ ಇಪ್ಪಲ್ಲಿವರಿಗೂ ಕೂಗ್ತೊ."

"ಬ್ಯಾಡ."

ಸರೋಜ ಗೋಡೆ ಹಿಡಿದು ಎದ್ದಳು. ಒಮ್ಮೆ ನಾಗನನ್ನು, ಒಮ್ಮೆ ರತನ್‌ನನ್ನು ನೋಡಿದಳು.

"ಸತ್ತದ್ದಕ್ಕೆ ಪಾಲಿಲ್ಲೆ. ಬದ್ಕಿಪ್ಪಲ್ಲಿವರಿಗೂ ಇವ್ರ್ ಹೇಳಿದ್ ಅದೇ. ಈಗ ಇವ್ರನ್ನೇ ಇಂಜಿನ್ ಮಾಡ್ಬೇಡಿ."

"ಹಂಗಾರೆ ನಿಮ್ಗೆ?"

"ನಾನ್ ಬದ್ಕಿದ್ದೆ ಅಲ್ದಾ ನಾಗ? ಆ ಬಲಿಯಗೆ ನನ್ ಕೈ ಮುಟ್ಟದಿಪ್ಪ ಜಾಗ ಒಂದ್ ತೋರ್ಸ್. ತೋರ್ಸಿರೆ ಸುಮ್ನಾತೆ."

ನಾಗ ತನ್ನ ಅಂಗೈ ನೋಡಿಕೊಂಡ. ಈ ಸಲ ಯಾರೂ ನಗಲಿಲ್ಲ. ಚಟ್ಟಕ್ಕೆ ಹೆಗಲು ಕೊಟ್ಟು, ರತನ್‌ನ ಹಿಂದೆ ಕಡಲಕರೆಯ ಸುಡುಗಾಡಿಗೆ ನಡೆದರು.

ಹೆಂಗಸರು ಮನೆಯಲ್ಲೇ ಉಳಿದರು. ಗಾಳಿಮರಗಳ ಮೇಲೆ ಹೊಗೆ ಎದ್ದು, ದಪ್ಪವಾಗಿ, ತೆಳ್ಳಗಾಯಿತು. ಸರೋಜ ಅತ್ತಳು. ಮೂಗೊರೆಸಿಕೊಂಡು ಮತ್ತೆ ಅತ್ತಳು. ಆಮೇಲೆ ದಡದಿಂದ ನಾಗನ ಕೂಗು ಶುರುವಾಯಿತು.

"ಚಂದು!"

"ಇದ್ದೆ!"

"ಕಿಟ್ಟ!"

"ಇದ್ದೆ!"

ಕಿಟ್ಟನ ನಂತರ ಯಾವತ್ತೂ ಕುಷ್ಟನ ಹೆಸರು. ದಡ ಸುಮ್ಮನಾಯಿತು. ಅಮ್ಮಣ್ಣಿ ಅಜ್ಜಿಯ ರಾಗವೂ ನಿಂತಿತು. ಒಂದು ಅಲೆ ಬಂದು ಒಡೆದ ಸದ್ದು, ಇನ್ನೊಂದು ಒಡೆದ ಸದ್ದು.

"ಸರೋಜ!"

"ಸೂತಕ, ಕೂತ್ಕ ಮಾರಾಯ್ತಿ" ಎಂದು ಯಾರೋ ಸೆರಗು ಹಿಡಿದರು. ಅವಳು ಬಿಡಿಸಿಕೊಂಡು ಮರಳದಿಬ್ಬ ಹತ್ತಿದಳು. ಕೆಳಗೆ ಮೀನಿನ ರಾಶಿಗಳ ನಡುವೆ ಗಂಡಸರೆಲ್ಲ ಇತ್ತ ತಿರುಗಿ ಕಾಯುತ್ತಿದ್ದರು.

"ಇದ್ದೆ!" ಎಂದಳು.

ನಾಗ ಮುಂದಿನ ಹೆಸರು ಕೂಗಿದ.