ಅಪ್ಪನಿಗೊಂದು ಸ್ಕ್ಯಾನರ್

"ಅಕ್ಕ, ಇದರ ಬ್ಯಾಟರಿ ತೆಗೆದ್ಬಿಡು," ಎಂದು ವಾಮನ ಸ್ಕ್ಯಾನರ್ ರೇಡಿಯೋವನ್ನು ಭಾನುಮತಿಯ ಕೈಗೆ ಕೊಟ್ಟು, ಪೆಟ್ಟಿಗೆಯಲ್ಲಿ ಮಲಗಿದ್ದ ಅಪ್ಪನ ಪಂಚೆಯ ನೆರಿಗೆ ಸರಿಪಡಿಸಲು ಬಗ್ಗಿದ.

ಭಾನುಮತಿ ಮುಚ್ಚಳದ ಸಂದಿಗೆ ಉಗುರು ಹಾಕಿ ಮೀಟಿದಳು. ಜಪ್ಪಯ್ಯ ಎಂದರೂ ಅದು ಬರಲಿಲ್ಲ. ಅಪ್ಪನ ನಡುಗುವ ಕೈಯಿಂದ ಜಾರಿ ಬಿದ್ದರೆ ಬ್ಯಾಟರಿಗಳು ಚೆಲ್ಲಾಪಿಲ್ಲಿಯಾಗಬಾರದೆಂದು ಅವಳೇ ಒಂದು ದಿನ ಅದಕ್ಕೆ ಮೂರು ಸುತ್ತು ಟೇಪು ಸುತ್ತಿದ್ದಳು. ಅಷ್ಟರಲ್ಲಿ ಫ್ಯೂನರಲ್ ಹೋಮಿನ ಹೆಂಗಸು ಒಳಗೆ ಬಂದು, ಬ್ಯಾಟರಿ ತೆಗೆದರೂ ಇಂಥ ಸಾಮಾನನ್ನು ಪೆಟ್ಟಿಗೆಯೊಳಗೆ ಇಡಲು ಬಿಡುವುದಿಲ್ಲ, ಕ್ಷಮಿಸಬೇಕು ಎಂದು ತುಂಬ ನಯವಾಗಿ ಹೇಳಿ ಹೋದಳು. ಈ ದೇಶದವರು ಇಲ್ಲ ಎನ್ನುವಾಗಲೂ ಎದುರಿಗಿದ್ದವರೇ ಥ್ಯಾಂಕ್ಸ್ ಹೇಳಬೇಕು, ಹಾಗೆ ಹೇಳುತ್ತಾರೆ. ಭಾನುಮತಿ ಥ್ಯಾಂಕ್ಸ್ ಎಂದಳು.

"ಹಂಗಾದ್ರೆ ಹಾಲ್‌ನಲ್ಲಿ ಫೋಟೋ ಪಕ್ಕಕ್ಕೆ ಇಡಣ," ಎಂದ ವಾಮನ.

"ಬೇಡ ಕಣೋ."

"ಯಾಕೆ? ಅಪ್ಪನ ಹತ್ರ ಇನ್ನೇನಿತ್ತು ಇಲ್ಲಿ?"

ಭಾನುಮತಿ ಸ್ಕ್ಯಾನರನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. ವಾಮನ ಅವಳ ತಮ್ಮ, ವೆಲ್ಲಿಂಗ್ಟನ್‌ನಲ್ಲಿ ಸರ್ಕಾರಿ ಇಲಾಖೆಯೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಾನೆ. ಗುರುವಾರ ಅಪ್ಪ ಹೋದ ಸುದ್ದಿ ಕೇಳಿ, ಶುಕ್ರವಾರ ಗಾಳಿಗೆ ಓಲಾಡುವ ಪುಟ್ಟ ವಿಮಾನದಲ್ಲಿ ನೆಲ್ಸನ್ನಿಗೆ ಬಂದಿಳಿದವನು, ಅಂದಿನಿಂದ ಇಂದು ಸೋಮವಾರದವರೆಗೆ ಅಕ್ಕನನ್ನು ಹೊಗಳಿದ್ದೇ ಹೊಗಳಿದ್ದು. ಅವನೊಬ್ಬನೇ ಅಲ್ಲ. ನೆಲ್ಸನ್ನಿನಲ್ಲಿರುವ ಕನ್ನಡದ ಮನೆಗಳನ್ನು ಒಂದು ಕೈಯಲ್ಲಿ ಎಣಿಸಬಹುದು. ಅಷ್ಟೂ ಮನೆಯವರು ಪಾಳಿಯ ಮೇಲೆ ಅನ್ನ ಸಾರು ತಂದುಕೊಟ್ಟು ಅದನ್ನೇ ಹೇಳಿ ಹೋಗಿದ್ದರು. ನೀನು ಆ ರೇಡಿಯೋ ಕೊಡಿಸಿ ಅಪ್ಪನಿಗೆ ಜೀವ ಕೊಟ್ಟೆ, ಎರಡು ವರ್ಷ ಮಗುವಿನ ಹಾಗೆ ಖುಷಿಯಾಗಿದ್ದರು. ಕೊನೆಯ ದಿನ ಎದೆ ನೋವು ಬಂದಾಗ ಪಾಪ, ಏಳು ಸಲ ನಿನಗೆ ಫೋನ್ ಮಾಡಿದ್ದಾರೆ. ಅವರ ಫೋನಿನಲ್ಲೇ ಇದೆಯಲ್ಲ. ಸುಶೀಲಾ ಆಂಟಿಯಂತೂ ಅವಳ ತಲೆ ನೇವರಿಸಿ, "ಗುಡ್ಡದಲ್ಲಿ ನೆಟ್‌ವರ್ಕ್ ಸಿಗ್ಲಿಲ್ಲ ಅಂದ್ಮೇಲೆ ನೀನೇನಮ್ಮ ಮಾಡಕ್ಕಾಗತ್ತೆ," ಎಂದು ತಾವೇ ಅತ್ತಿದ್ದರು.

ನೆಟ್‌ವರ್ಕ್ ಸಿಗಲಿಲ್ಲ ಎಂದು ಹೇಳಿದ್ದವಳು ಭಾನುಮತಿಯೇ. ಅದು ಸುಳ್ಳು. ಎದೆ ನೋವು ಮೊದಲು ಬಂದು ಆಮೇಲೆ ಅಪ್ಪ ಫೋನ್ ಮಾಡಿದರೆನ್ನುವುದೂ ಸುಳ್ಳು, ಆದರೆ ಅದನ್ನು ಅವಳು ಹೇಳಿರಲಿಲ್ಲ. ಜನರೇ ಕಟ್ಟಿಕೊಂಡಿದ್ದರು, ಅವಳು ತಿದ್ದಿರಲಿಲ್ಲ.

*

ಕೇಶವಮೂರ್ತಿಯವರು ತುಮಕೂರಿನ ಪೊಲೀಸ್ ವೈರ್‌ಲೆಸ್ ರೂಮಿನಲ್ಲಿ ಮೂವತ್ತನಾಲ್ಕು ವರ್ಷ ಕೂತು ಎದ್ದವರು. ಕಳ್ಳನನ್ನು ಹಿಡಿದವರಲ್ಲ, ಲಾಠಿ ಬೀಸಿದವರಲ್ಲ. ಕಿವಿಗೆ ಹೆಡ್‌ಫೋನು, ಎದುರಿಗೆ ಒಂದು ಸೆಟ್ಟು, ಪಕ್ಕದಲ್ಲಿ ಟಿಫನ್ ಡಬ್ಬಿ. ಎಲೆಕ್ಷನ್ನು, ಗಲಾಟೆ, ಕೆರೆ ಕೋಡಿ ಬಿದ್ದದ್ದು ಎಲ್ಲವನ್ನೂ ಅವರು ಕೇಳಿದ್ದೇ ಹೊರತು ನೋಡಿದ್ದಿಲ್ಲ. ಕರೆದವನಿಗೆ ಉತ್ತರ ಕೊಡದೆ ಒಂದು ಸಲವೂ ಬಿಟ್ಟವರಲ್ಲ ಎನ್ನುವುದೊಂದೇ ಅವರ ಹೆಮ್ಮೆ. ಹೆಂಡತಿ ತೀರಿಕೊಂಡ ಮೇಲೆ ನ್ಯೂಜಿಲೆಂಡಿಗೆ ಬಂದರು. ಮೊದಲು ಆರು ತಿಂಗಳು ವಾಮನನ ಮನೆಯಲ್ಲಿ, ಆಮೇಲೆ ಮಗಳ ಮನೆಯಲ್ಲಿ.

ಬೆಳಿಗ್ಗೆ ಎಂಟಕ್ಕೆ ಮನೆ ಖಾಲಿಯಾಗುತ್ತಿತ್ತು. ಅಳಿಯ ಚಂದ್ರಮೌಳಿ ಬಂದರಿನ ಕೆಲಸಕ್ಕೆ, ಮೊಮ್ಮಗಳು ನಿಖಿತಾ ಸ್ಕೂಲಿಗೆ, ಭಾನುಮತಿ ಸೇಬಿನ ಪ್ಯಾಕ್‌ಹೌಸಿಗೆ. ಒಂಬತ್ತಕ್ಕೆ ಶುರುವಾಗುತ್ತಿತ್ತು ಫೋನು. ಹೀಟರ್ ಆರಿಸಲಾ? ಕೊರಿಯರ್ ಬಂದಿದೆ. ಪಕ್ಕದ ಮನೆ ಬೆಕ್ಕು ಡೆಕ್ಕಿನ ಮೇಲಿದೆ. ಹಡಗಿಗೆ ಹೋಗಬೇಕಾದ ಹಣ್ಣಿನ ಗುಣಮಟ್ಟಕ್ಕೆ ಸಹಿ ಹಾಕುವವಳು ಭಾನುಮತಿ. ದಿನಕ್ಕೆ ಹತ್ತು ಸಲ ಬೆಕ್ಕಿನ ವಿಚಾರ ಕೇಳಿ ಅವಳಿಗೆ ತಲೆ ಚಿಟ್ಟು ಹಿಡಿದಿತ್ತು. ಆಗ ಹೊಳೆದದ್ದು ಸ್ಕ್ಯಾನರ್. ಪೊಲೀಸರ ವೈರ್‌ಲೆಸ್ ಮಾತು ಕೇಳಿಸುವ ರೇಡಿಯೋ. ಅಪ್ಪನಿಗೆ ಖುಷಿಯಾಗಲಿ ಎಂದು ಕೊಡಿಸಿದೆ ಎಂದು ಎಲ್ಲರಿಗೂ ಹೇಳಿದಳು. ತನ್ನ ಫೋನು ಸುಮ್ಮನಾಗಲಿ ಎಂಬುದು ಅದಕ್ಕಿಂತ ದೊಡ್ಡ ಆಸೆಯಾಗಿತ್ತು.

ಅಂಗಡಿಯವನು ಮುದುಕ, ವಾಲಂಟರಿ ಅಗ್ನಿಶಾಮಕ ದಳದವನು. ಒಂದೊಂದಾಗಿ ತೆಗೆದು ತೋರಿಸಿದ. ಒಂದರಲ್ಲಿ ಸಾವಿರ ಚಾನೆಲ್ಲಿತ್ತು, ಅಕ್ಷರ ಮಾತ್ರ ಇರುವೆ ಗಾತ್ರದ್ದು. ಇನ್ನೊಂದರ ಗುಂಡಿಗಳು ಎಷ್ಟು ಒತ್ತೊತ್ತಾಗಿದ್ದುವೆಂದರೆ ಅಪ್ಪನ ಹೆಬ್ಬೆರಳು ಒಂದೇ ಸಲಕ್ಕೆ ನಾಲ್ಕನ್ನು ಒತ್ತುತ್ತಿತ್ತು. ಭಾನುಮತಿ ಕೇಳಿದ್ದು ಇಷ್ಟೇ: ಆನ್ ಮಾಡಲು, ಸದ್ದು ಹೆಚ್ಚು ಕಡಿಮೆ ಮಾಡಲು ಒಂದೇ ತಿರುಪು ಸಾಕು, ಮಿಕ್ಕಿದ್ದೆಲ್ಲ ನೀವೇ ಹೊಂದಿಸಿ ಲಾಕ್ ಮಾಡಿಬಿಡಿ. ಅಪ್ಪ ಮೂರನೆಯದನ್ನು ಕಿವಿಗಿಟ್ಟುಕೊಂಡು, ಖಾಲಿ ಚಾನೆಲ್ಲಿನ ಕರಕರ ಸದ್ದು ಕೇಳಿ ಕಣ್ಣು ಮುಚ್ಚಿದರು.

"ಇದು ಸಾಕು ಕಣಮ್ಮ. ಸೆಟ್ಟು ಜೀವಂತ ಇದೆ," ಎಂದರು.

ಆಕ್ಲೆಂಡು, ವೆಲ್ಲಿಂಗ್ಟನ್ನುಗಳಲ್ಲಿ ಪೊಲೀಸರ ಮಾತು ಈಗ ಹೊರಗಿನವರಿಗೆ ಕೇಳಿಸುವುದಿಲ್ಲ, ಡಿಜಿಟಲ್ ಮಾಡಿ ಬೀಗ ಹಾಕಿದ್ದಾರೆ, ನೆಲ್ಸನ್ನಿನಲ್ಲಿ ಇನ್ನೂ ಕೇಳಿಸುತ್ತದೆ ಎಂದು ಮುದುಕ ವಿವರಿಸಿದ. ಆದರೆ ಕೇಳಿಸಿಕೊಂಡದ್ದನ್ನು ಇನ್ನೊಬ್ಬರಿಗೆ ಹೇಳುವ ಹಾಗಿಲ್ಲ, ಅದು ಕಾನೂನು ಎಂದೂ ಎಚ್ಚರಿಸಿದ. ಆಮೇಲೆ ವಾಮನ ಎಷ್ಟು ಕರೆದರೂ ಅಪ್ಪ ವೆಲ್ಲಿಂಗ್ಟನ್ನಿಗೆ ವಾಪಸು ಹೋಗಲಿಲ್ಲ. ಅಲ್ಲಿ ಏನೂ ಕೇಳಿಸಲ್ಲವಂತಲ್ಲಪ್ಪ ಎನ್ನುತ್ತಿದ್ದರು. ವಾಮನ ನಕ್ಕರೂ ಅವನಿಗೆ ನೋವಾಗಿತ್ತೆಂದು ಭಾನುಮತಿಗೆ ಗೊತ್ತು.

*

ಮೊದಲ ಎರಡು ವಾರ ಇಲ್ಲಿಯವರ ಇಂಗ್ಲಿಷು ಅವರಿಗೆ ಒಂದಕ್ಷರ ಹತ್ತಲಿಲ್ಲ. ಪಟ್ಟು ಬಿಡದೆ ಕೇಳಿದರು. ಮೂರನೆಯ ತಿಂಗಳಿಗೆ ಬೀದಿಗಳ ಮಾವೋರಿ ಹೆಸರುಗಳನ್ನು ಇಲ್ಲೇ ಹುಟ್ಟಿದ ನಿಖಿತಾಳಿಗಿಂತ ಚೆನ್ನಾಗಿ ಹೇಳುತ್ತಿದ್ದರು. ಪ್ಯಾಕ್‌ಹೌಸಿನಲ್ಲಿ ಭಾನುಮತಿಯ ಫೋನು ಅಷ್ಟು ದಿನ ನಿಜಕ್ಕೂ ಸುಮ್ಮನಿತ್ತು.

ಆಮೇಲೆ ಸುದ್ದಿ ಹಂಚಲು ಶುರುಮಾಡಿದರು. ಪಕ್ಕದ ಮನೆಯವಳಿಗೆ, ಬೀದಿ ಮೂಲೆಯ ಡೇರಿ ಅಂಗಡಿಯ ಗುಜರಾತಿಯವನಿಗೆ, ಸುಶೀಲಾ ಆಂಟಿಗೆ. ಅಪ್ಪ, ಅದು ಅಪರಾಧ, ಪೊಲೀಸರಾಗಿದ್ದವರೇ ಹೀಗೆ ಮಾಡಿದರೆ ಹೇಗೆ ಎಂದು ಭಾನುಮತಿ ಗದರಿದಳು. ಅವರ ಮುಖ ಸಣ್ಣದಾಯಿತು. ಕಾನೂನು ಎಂದರೆ ಬೆನ್ನು ನೆಟ್ಟಗಾಗುವ ಜೀವ. ಆದರೆ ಕೇಳಿದ್ದನ್ನು ಮುಂದಕ್ಕೆ ದಾಟಿಸುವುದೇ ಅವರ ಇಡೀ ಬದುಕಿನ ಕೆಲಸವಾಗಿತ್ತು, ಅದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು ಅವರಿಂದಾಗಲಿಲ್ಲ. ಕೊನೆಗೊಂದು ತೀರ್ಮಾನಕ್ಕೆ ಬಂದರು: ಮನೆಯವರಿಗೆ ಹೇಳಿದರೆ ತಪ್ಪಲ್ಲ. ಅಳಿಯನಿಗೆ ಫೋನ್ ಮಾಡಲು ಸಂಕೋಚ. ಹೀಗೆ ಊರಿನ ಸುದ್ದಿಯೆಲ್ಲ ಮಗಳ ತಲೆಗೇ ಬಂತು. ವೈಮಿಯಾ ರೋಡಿನಲ್ಲಿ ಲಾರಿ ನಿಂತಿದೆ, ಬೇರೆ ದಾರಿಯಲ್ಲಿ ಬಾ. ಬೀಚಿನಲ್ಲಿ ಯಾರದೋ ನಾಯಿ ಕಳೆದಿದೆ. ಅವಳು ಅಪ್ಪನ ನಂಬರಿನ ಸದ್ದು ಅಡಗಿಸಿಟ್ಟಳು. ಸಂಜೆ ಮನೆಗೆ ಹೋಗಿ, ಮೀಟಿಂಗಿನಲ್ಲಿದ್ದೆ ಅಪ್ಪ ಎನ್ನುವಳು. ಅವರು ಹೂಂ ಎನ್ನುವರು. ನಂಬುತ್ತಿದ್ದರೋ ಇಲ್ಲವೋ, ಅವಳು ವಿಚಾರಿಸಲು ಹೋಗಲಿಲ್ಲ.

ಗುರುವಾರ ಅವಳು ಕೆಲಸದ ಮೇಲೆ ಫಂಗಮೋವಾ ಗುಡ್ಡ ದಾಟಿ ಬ್ಲೆನಿಮ್ ಊರಿಗೆ ಹೋಗಿದ್ದಳು. ಹನ್ನೆರಡೂ ಹತ್ತಕ್ಕೆ ಫೋನು ಮಿನುಗಿತು. ಅಪ್ಪ. ಇನ್ನಾವ ನಾಯಿಯೋ ಎಂದುಕೊಂಡು ಬೋರಲು ಹಾಕಿದಳು. ಮರದ ಮೇಜಿನ ಮೇಲೆ ಅದು ನಡುಗುವುದು ತಿಳಿಯುತ್ತಿತ್ತು. ಒಂದೊಂದು ಸಲವೂ ತಿರುಗಿಸಿ ನೋಡಿ ಮತ್ತೆ ಬೋರಲು ಹಾಕಿದಳು. ಏಳನೆಯ ಸಲದ ನಂತರ ಅದು ನಿಂತಾಗ, ಅಬ್ಬ, ಸದ್ಯ ಎನಿಸಿತು. ಎಲ್ಲಕ್ಕಿಂತ ಈಗ ಅವಳನ್ನು ತಿನ್ನುತ್ತಿದ್ದದ್ದು ಆ ಅಬ್ಬ ಎನಿಸಿದ್ದು.

ಡ್ರೈವ್‌ವೇಯಲ್ಲಿ ಬಿದ್ದಿದ್ದ ಕೇಶವಮೂರ್ತಿಯವರನ್ನು ಮೊದಲು ನೋಡಿದ್ದು ಪಕ್ಕದ ಮನೆಯವಳು. ಸ್ವೆಟರ್ ಹಾಕಿ, ಶೂ ಕಟ್ಟಿ, ರಸ್ತೆಯ ಕಡೆಗೆ ಹೊರಟಿದ್ದರು.

*

ಫ್ಯೂನರಲ್ ಹೋಮಿನಿಂದ ವಾಕಪುವಾಕದ ಚಿತಾಗಾರಕ್ಕೆ ಕಾಲು ಗಂಟೆಯ ದಾರಿ. ಪೆಟ್ಟಿಗೆಯ ಕಾರು ಮುಂದೆ, ಹಿಂದೆ ಭಾನುಮತಿಯ ನೀಲಿ ಕಾರು, ಅದನ್ನು ಓಡಿಸುತ್ತಿದ್ದವನು ವಾಮನ. ಚಂದ್ರಮೌಳಿ, ನಿಖಿತಾ ಇಬ್ಬರೂ ಸುಶೀಲಾ ಆಂಟಿಯ ಜೊತೆ ಹೋಗಿದ್ದರು. ಸಮುದ್ರ ಬೂದಿ ಬಣ್ಣಕ್ಕೆ ತಿರುಗಿತ್ತು. ಇದೇ ಹೆದ್ದಾರಿ ಮುಂದೆ ಆ ಗುಡ್ಡ ಹತ್ತುತ್ತದೆ.

ವಾಮನ ತಾನು ಚಿತಾಗಾರದ ಹಾಲ್‌ನಲ್ಲಿ ಮಾತಾಡುವುದನ್ನು ಬಾಯಿಪಾಠ ಒಪ್ಪಿಸುತ್ತಿದ್ದ. ವೈರ್‌ಲೆಸ್ ರೂಮು, ಟಿಫನ್ ಡಬ್ಬಿ, ಆಮೇಲೆ ಅಕ್ಕ, ಅಂಗಡಿಯಿಂದಂಗಡಿಗೆ ಅಲೆದು ಆರಿಸಿದ ಸ್ಕ್ಯಾನರು. ಅಲೆದದ್ದು ಒಂದೇ ಅಂಗಡಿಗೆ.

"ಆ ಸಾಲು ತೆಗೆದ್ಬಿಡು," ಎಂದಳು ಭಾನುಮತಿ.

"ಯಾಕಕ್ಕ?"

"ನೆಟ್‌ವರ್ಕ್ ಇತ್ತು."

ಅವನಿಗೆ ಅರ್ಥವಾಗಲಿಲ್ಲ. ಅವಳು ಹೇಳಿದಳು. ತಾನು ಗುಡ್ಡದಲ್ಲಿರಲಿಲ್ಲ, ಬ್ಲೆನಿಮ್‌ನಲ್ಲಿ ಮೇಜಿನ ಮುಂದೆ ಕೂತಿದ್ದೆ, ಏಳೂ ಸಲ ನೋಡಿದೆ. ಅಪ್ಪ ಕರೆದದ್ದು ಎದೆ ನೋವಿಗಲ್ಲ, ಎದೆ ನೋವು ಬಂದದ್ದು ಆಮೇಲೆ. ಹೇಳುತ್ತ ಹೇಳುತ್ತ ತನಗೆ ಹಗುರವಾಗುತ್ತದೆ ಅಂದುಕೊಂಡಿದ್ದಳು. ಹಾಗೇನೂ ಆಗಲಿಲ್ಲ.

"ಅಪ್ಪ ಯಾಕೆ ಕರೆದ್ರು ಅಂತ ನಿಂಗೆ ಹೆಂಗೆ ಗೊತ್ತು?"

ಭಾನುಮತಿ ಫೋನು ತೆಗೆದು, ಏಳನೆಯ ಸಲ ಅಪ್ಪ ಬಿಟ್ಟಿದ್ದ ವಾಯ್ಸ್‌ಮೇಲ್ ಒತ್ತಿದಳು. ಕೇಶವಮೂರ್ತಿಯವರ ದನಿ ಕಾರನ್ನು ತುಂಬಿತು. ಹಿಂದೆ ಸ್ಕ್ಯಾನರು ಕರಕರ ಎನ್ನುತ್ತಿತ್ತು.

"ಭಾನು, ಗುಡ್ಡದಲ್ಲಿ ಒಂದು ನೀಲಿ ಕಾರು ಕೆಳಕ್ಕೆ ಬಿದ್ದಿದೆಯಂತೆ. ಒಬ್ಬಳೇ ಹೆಂಗಸು ಅಂತಿದಾರೆ. ನೀನಲ್ಲ ಅಂತ ನಂಗೊತ್ತು. ಮಾತಾಡ್ಬೇಡ ಮಗ, ಎತ್ತಿ ಇಟ್ಬಿಡು, ಅಷ್ಟು ಸಾಕು. ನಾನು ರೋಡಿನ ತನಕ ಹೋಗಿ ಯಾರನ್ನಾದ್ರೂ ಕೇಳ್ತೀನಿ."

ಆ ಕಾರಿನ ಹೆಂಗಸು ಯಾರೋ ಪ್ರವಾಸಿ. ಮೊಣಕೈ ತರಚಿಕೊಂಡು ಸಂಜೆಗೆಲ್ಲ ಆಸ್ಪತ್ರೆಯಿಂದ ಹೊರಟಿದ್ದಳಂತೆ.

ವಾಮನ ತಿರುವಿನಲ್ಲಿ ಕಾರಿನ ವೇಗ ತಗ್ಗಿಸಿದ. "ಭಾವಂಗೆ ಗೊತ್ತಾ?" ಎಂದು ಕೇಳಿದ. ಇಲ್ಲ ಎಂದಳು.

"ಯಾರಿಗೂ ಹೇಳ್ಬೇಡ. ಇದನ್ನ ಯಾರಿಗೂ ಕೇಳಿಸ್ಬೇಡ."

"ನೀನು ನಂಗೆ ಬೈಬೇಕು ವಾಮನ."

ಅವನು ಬೈಯಲಿಲ್ಲ. ಮುಂದಿನ ಕಾರು ಸಿಗ್ನಲ್ ಹಾಕಿತು, ಅವನೂ ಹಾಕಿದ.

*

ಆಕ್ಲೆಂಡಿನ ತಕಾನಿನಿಯಲ್ಲಿರುವ ಪುರೋಹಿತರಿಗೆ ಬರಲಾಗಿರಲಿಲ್ಲ. ಫೋನಿನ ಸ್ಪೀಕರಿನಲ್ಲೇ ಮಂತ್ರ ಹೇಳಿದರು, ವಾಮನ ಅವರು ಹೇಳಿದಂತೆ ಅಪ್ಪನ ಬಾಯಿಗೆ ತುಳಸಿ ನೀರು ಬಿಟ್ಟ, ಅಕ್ಕಿ ಹಾಕಿದ. ಮೂವತ್ತು ಜನ ಇದ್ದಿರಬಹುದು. ಕೊನೆಯ ಸಾಲಿನಲ್ಲಿ ಅಂಗಡಿಯ ಮುದುಕ ಕೋಟು ತೊಟ್ಟು ಕೂತಿದ್ದ. ಅವನಿಗೆ ಯಾರು ತಿಳಿಸಿದರೋ.

ವಾಮನ ಮಾತಾಡಲು ನಿಂತ. ಇಂಗ್ಲಿಷಿನಲ್ಲಿ ಒಂದಿಷ್ಟು, ಕನ್ನಡದಲ್ಲಿ ಒಂದಿಷ್ಟು. ಸ್ಕ್ಯಾನರಿನ ಸಾಲು ಬಂತು. ಅವನು ತೆಗೆದಿರಲಿಲ್ಲ. ಅಂಗಡಿಯಿಂದಂಗಡಿಗೆ ಅಲೆದದ್ದು ಹಾಗೇ ಇತ್ತು. ಮೇಲೆ ಇನ್ನಷ್ಟು ಸೇರಿಸಿದ: ಅಕ್ಕ ಆವತ್ತು ಗುಡ್ಡದ ಮೇಲಿದ್ದಳು, ಅಲ್ಲಿ ಯಾರ ಫೋನೂ ಹಿಡಿಯುವುದಿಲ್ಲ, ಇದರಲ್ಲಿ ಯಾರ ತಪ್ಪೂ ಇಲ್ಲ. ಒಂದಕ್ಷರ ತಡವರಿಸಲಿಲ್ಲ. ಅಕ್ಕನ ಕಡೆಗೆ ನೋಡಲೂ ಇಲ್ಲ. ಜನ ತಲೆಯಾಡಿಸಿದರು.

ಎದ್ದು ನಿಂತು, ಇಲ್ಲ, ಹಾಗಲ್ಲ ಎನ್ನಬೇಕೆಂದು ಭಾನುಮತಿ ಕುರ್ಚಿಯ ಅಂಚಿಗೆ ಸರಿದಳು. ಸುಶೀಲಾ ಆಂಟಿ ಅವಳ ಕೈ ಹಿಡಿದು ಅದುಮಿದರು. ಈಗ ಎದ್ದರೆ ತಮ್ಮನೂ ಸುಳ್ಳನಾಗುತ್ತಾನೆ. ಅವಳು ಕೂತೇ ಇದ್ದಳು. ಕಾಪಾಡಿದನೋ, ಬಾಯಿ ಕಟ್ಟಿದನೋ ಅವಳಿಗೆ ತಿಳಿಯಲಿಲ್ಲ.

ಇಲ್ಲಿ ಕೊಳ್ಳಿ ಇಡುವುದಿಲ್ಲ. ಗೋಡೆಯಲ್ಲೊಂದು ಗುಂಡಿ ಇರುತ್ತದೆ, ಒತ್ತಿದರೆ ಪೆಟ್ಟಿಗೆ ಒಳಕ್ಕೆ ಸರಿಯುತ್ತದೆ. ಮನೆಯವರೆಲ್ಲ ಸೇರಿ ಒತ್ತಬಹುದು ಎಂದಳು ಫ್ಯೂನರಲ್ ಹೋಮಿನ ಹೆಂಗಸು. ವಾಮನ ಮುಂದೆ ಹೋಗಿ ಗುಂಡಿಯ ಮೇಲೆ ಅಂಗೈ ಇಟ್ಟ. ಭಾನುಮತಿ ಅದರ ಮೇಲೆ ತನ್ನ ಕೈ ಇಟ್ಟಳು. ಅವಳ ಕೈಯ ಮೇಲೆ ಚಂದ್ರಮೌಳಿಯದು, ಅದರ ಮೇಲೆ ನಿಖಿತಾಳದು. "ಅಮ್ಮಾ, ಆರ್ ಯು ಓಕೆ?" ಎಂದು ಹುಡುಗಿ ಮೆಲ್ಲಗೆ ಕೇಳಿತು.

ಆಗ ಎಲ್ಲಕ್ಕಿಂತ ಕೆಳಗಿದ್ದ ಕೈ ಅಲುಗಿತು. ವಾಮನ ಒಂದೊಂದೇ ಬೆರಳು ಬಿಡಿಸಿಕೊಂಡು ತನ್ನ ಕೈಯನ್ನು ಮೆಲ್ಲಗೆ ಹೊರಗೆಳೆದ. ಬೇರೆ ಯಾರಿಗೂ ಗೊತ್ತಾಗಲಿಲ್ಲ. ಭಾನುಮತಿಯ ಅಂಗೈ ತಣ್ಣಗಿದ್ದ ಗುಂಡಿಗೆ ತಾಗಿತು. ಅವಳು ಒತ್ತಲಿಲ್ಲ, ಒತ್ತಲಾಗಲಿಲ್ಲ. ಗಂಡನ ಕೈ, ಮಗಳ ಕೈ ಮೇಲಿನಿಂದ ಮೆತ್ತಗೆ ಭಾರ ಬಿಟ್ಟವು, ಅವಳ ಕೈಯಡಿ ಗುಂಡಿ ಒಳಕ್ಕೆ ಹೋಯಿತು, ಪೆಟ್ಟಿಗೆ ಚಲಿಸತೊಡಗಿತು.