ಓರಿನ್‌ನ ಅಂಗಿಯ ಚುಂಗು

ನನ್ನ ಅಣ್ಣ ಓರಿನ್‌ನ ಬಲಗಡೆ ಕೊರಳೆಲುಬಿನ ಕೆಳಗೆ, ಚರ್ಮದೊಳಗೆ, ಕಾಲು ಡಾಲರ್ ನಾಣ್ಯದಗಲದ ಒಂದು ಬಿಲ್ಲೆ ಇತ್ತು. ಕ್ಯಾನ್ಸರಿನ ಔಷಧಿ ಹೋಗುವುದಕ್ಕೆ ಹೂತದ್ದು. ಎಡಕ್ಕೂ ಹೂಳಬಹುದಿತ್ತು. ನಮ್ಮ ಗುಡ್ಡಗಳ ಕಡೆ ಡಾಕ್ಟರುಗಳೂ ಬೇಟೆಯವರೇ. ಯಾವ ಹೆಗಲಿಗೆ ಬಂದೂಕು ಇಡ್ತೀಯ ಅಂತ ಮೊದಲೇ ಕೇಳುತ್ತಾರೆ. ಇವನನ್ನೂ ಕೇಳಿದ್ದರು. ಇವನು, "ಯಾವ ಕಡೆಯಾದ್ರೂ ಹಾಕಿ" ಅಂದುಬಿಟ್ಟಿದ್ದ.

ಸೆಪ್ಟೆಂಬರಿನಲ್ಲಿ ನನ್ನ ಅಡುಗೆಮನೆಯಲ್ಲಿ ಕೂತು ಈ ಮಾತು ಬಾಯಿಬಿಟ್ಟಾಗ ನನಗೆ ತಲೆ ಕೆಟ್ಟುಹೋಯಿತು.

"ಬಂದೂಕಿಡೋದು ಬಲ ಹೆಗಲಿಗೆ ಅಂತ ಹೇಳೋಕೆ ನಾಲಿಗೆ ಬಿದ್ದೋಗಿತ್ತೇನೋ ನಿಂಗೆ?"

"ಬೈಬೇಡ ಕಣೇ. ಆಗ ಮೇ ತಿಂಗಳು. ಜಿಂಕೆ ಬೇಟೆ ಶುರುವಾಗೋ ತನಕ ಇರ್ತೀನಿ ಅಂತ ಯಾರು ಕಂಡಿದ್ರು?"

ನಾನು ಸ್ಟೌವಿನ ಕಡೆ ತಿರುಗಿ ಕಾಫಿ ಪಾತ್ರೆಯನ್ನು ಸುಮ್ಮನೆ ಉಜ್ಜಿದೆ.

"ನಿನ್ನ ಸೊಳ್ಳೆ ಬಂದೂಕು ಇನ್ನೂ ಇದೆಯಾ?" ಅಂದ.

ಸೊಳ್ಳೆ ಬಂದೂಕು ಅಂದರೆ ನನ್ನ ಟೂ-ಫಾರ್ಟಿತ್ರೀ ರೈಫಲು. ತೆಳ್ಳನೆ ಗುಂಡು, ಹಗುರ ತೋಟಾ. ನಾನು ಅದರಲ್ಲೇ ಬೇಟೆ ಕಲಿತು, ಅದರಲ್ಲೇ ತಲೆ ನರೆಸಿಕೊಂಡವಳು. ಓರಿನ್‌ನದು ಅಪ್ಪನ ದೊಡ್ಡ ಥರ್ಟಿ-ಆಟ್-ಸಿಕ್ಸ್. ಗುಂಡು ಹಾರಿದೊಡನೆ ಹೆಗಲಿಗೆ ಕತ್ತೆಯಂತೆ ಒದೆಯುತ್ತಿತ್ತು. ಪ್ರತಿ ವರ್ಷ ಬೇಟೆ ಕ್ಯಾಂಪಿನಲ್ಲಿ ಎಲ್ಲರ ಮುಂದೆ, "ಡಾರ್ಕಸ್ ಬಂದ್ಲು, ಸೊಳ್ಳೆ ಓಡಿಸೋಕೆ" ಅಂತ ಇವನು ಹಲ್ಲು ಕಿರಿಯುತ್ತಿದ್ದ. ಈಗ ಬಲ ಹೆಗಲಿಗೆ ಯಾವ ಬಂದೂಕನ್ನೂ ತಾಗಿಸುವಂತಿಲ್ಲ. ಎಡಕ್ಕಿಟ್ಟರೂ ದೊಡ್ಡ ಒದೆತ ಬೇಡ ಅಂದಿದ್ದರು ಡಾಕ್ಟರು. ರೋಗ ಪಕ್ಕೆಲುಬಿಗೆ ಇಳಿದಿತ್ತು.

"ಇದೆ," ಅಂದೆ. "ನಿನ್ನಂಥ ಸೊಳ್ಳೆಗೆ ಅದೇ ಸರಿ."

ಅವನು ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಮೇಜಿನ ಮೇಲೆ ಕೈಯೂರಿ ಹೇಳಿದ: "ಒಂದು ಮಾತು ಕೇಳು. ತೋಟಾ ನೀನೇ ತುಂಬ್ಕೊಡ್ಬೇಕು. ಗುಂಡು ತಾಗಿದ್ರೆ ಅಲ್ಲೇ ಬೀಳ್ಬೇಕು. ಇಲ್ಲಾ ತಾಗಲೇಬಾರ್ದು. ಅರ್ಧ ತಾಗಿ, ಅದು ಗುಡ್ಡ ಹತ್ತಿ, ಎಲ್ಲೋ ಪೊದೇಲಿ ಬಿದ್ದು ದಿನಗಟ್ಲೆ ನರಳೋದು ಬೇಡ. ಅದು ಹೆಂಗಿರುತ್ತೆ ಅಂತ ನಂಗೀಗ ಗೊತ್ತು."

ಅವನು ಕೇಳಿದ್ದು ಇಷ್ಟೇ. ಬದುಕಿಸು ಅಂತ ಕೇಳಲಿಲ್ಲ. ಹಾಗೆ ಕೇಳಿದ್ದರೆ ನಾನು ಏನು ಮಾಡಲಾಗುತ್ತಿತ್ತು? ಗುಂಡಿನ ವಿಷಯ ನನಗೆ ಬರುತ್ತದೆ. ಅಪ್ಪನ ತೋಟಾ ತುಂಬುವ ಯಂತ್ರ ನನ್ನ ನೆಲಮಾಳಿಗೆಯಲ್ಲಿದೆ. ಹೊಸ ಗುಂಡು ತರಲೆಂದು ಪೇಟೆಯ ಅಂಗಡಿಗೆ ಹೋದೆ.

ಗಲ್ಲೆಯಲ್ಲಿ ಗಡ್ಡದವನೊಬ್ಬ ಇದ್ದ. ವಿಷಯ ಹೇಳಿದೆ. ಹಗುರವಾಗಿರಬೇಕು, ಒದೆಯಬಾರದು ಅಂದೆ. ಅವನು ಸಲೀಸಾಗಿ ಐವತ್ತೆಂಟು ಗ್ರೇನ್ ತೂಕದ ಗುಂಡಿನ ಡಬ್ಬಿ ತೆಗೆದು ನನ್ನ ಮುಂದೆ ತಳ್ಳಿದ.

"ಇದು ತಗೊಳ್ಳಿ ಮೇಡಂ. ಒದೆಯೋದೇ ಇಲ್ಲ. ಮಿಂಚಿನ ಹಾಗೆ ಹೋಗುತ್ತೆ."

"ಇದು ವುಡ್‌ಚಕ್ ಹೊಡೆಯೋ ಗುಂಡು ಕಣಯ್ಯಾ. ಬಿಲ ತೋಡೋ ಪ್ರಾಣಿಗೆ."

"ಸರಿಯಾದ ಜಾಗಕ್ಕೆ ಹೊಡೆದ್ರೆ ಜಿಂಕೇನೂ—"

"ಸರಿಯಾದ ಜಾಗಕ್ಕೆ ಹೊಡೆದ್ರೆ ಕಲ್ಲಲ್ಲೂ ಸಾಯುತ್ತೆ!" ನನ್ನ ದನಿ ಅಂಗಡಿ ತುಂಬ ಆಯಿತು. "ಹೆಗಲ ಮೂಳೆಗೆ ಬಡಿದು ಅಲ್ಲೇ ಪುಡಿಯಾಗುತ್ತೆ ಇದು. ಊಟದ ತಟ್ಟೆ ಅಗಲ ಗಾಯ ಆಗುತ್ತೆ, ಒಳಗೆ ಶ್ವಾಸಕೋಶ ನೆಟ್ಟಗಿರುತ್ತೆ. ಆಮೇಲೆ ಆ ಜಿಂಕೆ ಹುಡುಕೋಕೆ ನೀನು ಬರ್ತೀಯಾ?"

ಬಂದೂಕು ನೋಡುತ್ತಿದ್ದ ಇಬ್ಬರು ಬೇರೆ ಕಡೆ ತಿರುಗಿಕೊಂಡರು. ನಾನು ನೂರು ಗ್ರೇನಿನ ಸೀಸದ ಗುಂಡು ಒಂದು ಡಬ್ಬಿ, ಎಂಬತ್ತೈದು ಗ್ರೇನಿನ ತಾಮ್ರದ್ದು ಒಂದು ಡಬ್ಬಿ ತೆಗೆದುಕೊಂಡು ಬಾಗಿಲು ಬಡಿದು ಬಂದೆ.

ಮನೆ ಹಿಂದಿನ ಹೊಲದಲ್ಲಿ ಗುರಿ ಅಭ್ಯಾಸಕ್ಕೆ ಓರಿನ್‌ಗೆ ಮೊದಲು ನೂರರದ್ದು ಕೊಟ್ಟೆ. ಜಿಂಕೆಗೆ ಅದು ಹಳೇ ನಂಬಿಕೆಯ ತೂಕ. ಓರಿನ್ ಎಡ ಹೆಗಲಿಗೆ ಬಂದೂಕಿಟ್ಟ. ಬದುಕೆಲ್ಲ ಬಲಗೈಯಲ್ಲಿ ಹೊಡೆದವನು. ಕೆನ್ನೆ ಎಲ್ಲಿ ಊರಬೇಕು ಅಂತಲೇ ತಿಳಿಯದೆ ಬೇರೆಯವರ ಬೂಟು ಹಾಕಿಕೊಂಡವನ ಹಾಗೆ ಒದ್ದಾಡಿದ. ಮೂರು ಸಲ ಹೊಡೆದು ಬಂದೂಕು ಕೆಳಗಿಟ್ಟು, ಬೆಂಚಿನ ಮೇಲೆ ಕೂತು, ಪಕ್ಕೆ ಹಿಡಿದುಕೊಂಡ.

"ನೋವಾ?"

"ಇಲ್ಲ. ಸುಸ್ತು."

ಸುಳ್ಳು. ಅವನ ಮೇಲ್ತುಟಿ ಬೆವೆತಿತ್ತು, ಅದೂ ಆ ಚಳಿಯಲ್ಲಿ.

ನಾನು ನೆಲಮಾಳಿಗೆಗೆ ಇಳಿದೆ. ಗುಂಡು ಹಗುರವಾದರೆ ಒದೆತ ಕಡಿಮೆ. ಮದ್ದು ತಗ್ಗಿಸಿದರೆ ಇನ್ನೂ ಕಡಿಮೆ. ಆದರೆ ಎರಡರಲ್ಲೂ ಒಂದು ಗೆರೆ ಇದೆ, ಅದನ್ನು ದಾಟಿದರೆ ನೋವು ನಮ್ಮ ಹೆಗಲಿನಿಂದ ಜಿಂಕೆಯ ಮೈಗೆ ಹೋಗುತ್ತದೆ, ಅಷ್ಟೆ. ತಾಮ್ರದ ಗುಂಡು ಒಡೆಯುವುದಿಲ್ಲ. ಮೈಗೆ ತಾಗಿದಾಗ ತುದಿ ಹೂವಿನಂತೆ ಬಾಯಿ ಬಿಚ್ಚಿಕೊಂಡು ಇಡಿಯಾಗಿ ಒಳಗೆ ನುಗ್ಗುತ್ತದೆ. ಆದರೆ ಬಾಯಿ ಬಿಚ್ಚಲು ಅದಕ್ಕೆ ವೇಗ ಬೇಕು. ಹಾಗಾಗಿ ಮದ್ದನ್ನು ಚಿಟಿಕೆ ಚಿಟಿಕೆಯಾಗಿ ಇಳಿಸುತ್ತ, ನೆನೆಸಿದ ಹಳೇ ಪತ್ರಿಕೆಗಳ ಕಟ್ಟಿಗೆ ಹೊಡೆದು, ಕಟ್ಟು ಬಿಚ್ಚಿ ಗುಂಡು ಹುಡುಕುತ್ತ ಅಕ್ಟೋಬರ್ ಕಳೆದೆ. ಕೊನೆಗೆ ಎಂಬತ್ತು ಗಜದಲ್ಲಿ ಬಾಯಿ ಪೂರ್ತಿ ಬಿಚ್ಚಿ, ಹೆಗಲ ಮೂಳೆಯನ್ನೂ ದಾಟಿ ಹೋಗುವಷ್ಟು ಆಳಕ್ಕೆ ಇಳಿದ ಒಂದು ಅಳತೆ ಸಿಕ್ಕಿತು.

"ಎಂಬತ್ತು ಗಜದಾಚೆ ಇದ್ರೆ ಹೊಡೀಬೇಡ," ಅಂದೆ.

"ಆಯ್ತು ತಾಯಿ."

ಎಡಗೈಯಲ್ಲೇ ಕಲಿತ. ವಾರ ವಾರಕ್ಕೂ ತೆಳ್ಳಗಾಗುತ್ತ ಕಲಿತ. ನವೆಂಬರಿನ ಹೊತ್ತಿಗೆ ಅವನ ಗುಂಡುಗಳೆಲ್ಲ ಕಾಫಿ ಬಸಿಯ ಅಗಲದೊಳಗೆ ಬೀಳುತ್ತಿದ್ದವು.

"ಸೊಳ್ಳೆ ಚೆನ್ನಾಗೇ ಕಚ್ಚುತ್ತೆ ಕಣೇ," ಅಂದ. ಮೂವತ್ತು ವರ್ಷಕ್ಕೆ ಅದೊಂದೇ ಒಳ್ಳೆ ಮಾತು ನನ್ನ ಬಂದೂಕಿಗೆ.

ನಮ್ಮ ಕ್ಯಾಂಪು ಅಂದರೆ ಮುದುಕ ಎಮೆಟ್ ಸ್ಟ್ರೇಯರ್‌ನ ದಿಮ್ಮಿ ಮನೆ. ಅದರ ಗೋಡೆ ತುಂಬ ಅಂಗಿಯ ಚುಂಗುಗಳು. ಜಿಂಕೆಗೆ ಗುರಿಯಿಟ್ಟು ತಪ್ಪಿದವನ ಅಂಗಿಯ ಹಿಂಬದಿ ಚುಂಗನ್ನು ಸಂಜೆ ಎಲ್ಲರೆದುರು ಕತ್ತರಿಸಿ, ಹೆಸರು ವರ್ಷ ಬರೆದು ಮೊಳೆ ಹೊಡೆಯುವುದು ನಮ್ಮ ಗುಡ್ಡಗಳ ಕ್ಯಾಂಪುಗಳಲ್ಲೆಲ್ಲ ಇರುವ ಪದ್ಧತಿ. ಕತ್ತರಿ ಒಲೆಯ ಪಕ್ಕದಲ್ಲೇ ತೂಗುತ್ತಿರುತ್ತದೆ. ನನ್ನವು ಎರಡಿವೆ. ಎಮೆಟ್‌ನವು ಅವನೇ ಎಣಿಸುವುದಿಲ್ಲ. ಓರಿನ್‌ನದು ಒಂದೂ ಇರಲಿಲ್ಲ. ಅದನ್ನು ಎಷ್ಟು ಸಲ ಹೇಳಿಕೊಂಡು ನಮ್ಮ ಹೊಟ್ಟೆ ಉರಿಸಿದ್ದಾನೋ.

ಬೇಟೆಯ ಮೊದಲ ದಿನ ಹಿಂದಿನ ಸಂಜೆಯ ಹಿಮ ಪಾದ ಮುಳುಗುವಷ್ಟಿತ್ತು. ಓರಿನ್ ಮೇಲಿನ ದಿಣ್ಣೆಗೆ ಹೋಗಲಾರ. ಕ್ಯಾಂಪಿನ ಹಿಂದೆಯೇ, ಬಿದ್ದ ಹೆಮ್ಲಾಕ್ ಮರದ ಮರೆಯಲ್ಲಿ ಅವನನ್ನು ಕಂಬಳಿ ಸುತ್ತಿ ಕೂರಿಸಿ ಪಕ್ಕದಲ್ಲಿ ಕೂತೆ. ನಾನು ಬಂದೂಕು ತಂದಿರಲಿಲ್ಲ. ನನ್ನದು ಅವನ ಕೈಯಲ್ಲಿತ್ತು.

ಬಿಸಿಲು ಮರಗಳ ಮೇಲೆ ಬಂದಾಗ ಎರಡು ಹೆಣ್ಣು ಜಿಂಕೆ ಹಾದುಹೋದವು. ಹಿಂದೆಯೇ ಮೂಗು ನೆಲಕ್ಕೆ ಹಚ್ಚಿಕೊಂಡು ಕೋಡಿನ ಗಂಡು. ಅರವತ್ತು ಗಜ, ಅಡ್ಡಕ್ಕೆ ನಿಂತಿತು. ಇದಕ್ಕಿಂತ ಒಳ್ಳೆ ಅವಕಾಶ ದೇವರೂ ಕೊಡಲಾರ.

ಓರಿನ್ ಬಂದೂಕೆತ್ತಿದ. ಅವನ ಉಸಿರು ನನಗೆ ಕೇಳುತ್ತಿತ್ತು, ಒಳಗೆ ಏನೋ ಗೊರಗುಡುವಂತೆ. ಬಂದೂಕಿನ ಮೂತಿ ಸ್ವಲ್ಪ ಅಲುಗಿತು, ನಿಂತಿತು. ಹೊಡೆದ.

ಜಿಂಕೆ ನೆಗೆಯಿತು. ಬಿಳಿ ಬಾಲ ನೆಟ್ಟಗೆ ಎತ್ತಿ, ಹೆಣ್ಣುಗಳ ಹಿಂದೆ ದಿಣ್ಣೆಯಾಚೆ ಹೋಗೇಬಿಟ್ಟಿತು.

"ತಪ್ತು ಕಣೋ," ಅಂದೆ. "ಬಾಲ ನೋಡಿದ್ಯಲ್ಲ, ತಾಗಿದ್ರೆ ಇಳಿಬಿಟ್ಕೊಂಡು ಓಡ್ತಿತ್ತು."

"ಬಾಲ ನಂಬಬೇಡ." ಅವನ ಮುಖ ಬೂದಿಯಾಗಿತ್ತು. "ಕೆಮ್ಮು ಬರ್ತಿತ್ತು. ತಡ್ಕೊಂಡೆ. ಎಲ್ಲಿಗೆ ಬಿತ್ತೋ ಕಾಣೆ. ಹೊಟ್ಟೆಗೆ ತಾಗಿದ್ರೂ ಬಾಲ ಎತ್ಕೊಂಡೇ ಹೋಗ್ತವೆ ಕೆಲವು."

"ನೀನು ಕೂತಿರು. ನಾನು ನೋಡ್ಕೊಂಡು ಬರ್ತೀನಿ."

"ನಾನೇ ನೋಡ್ಬೇಕು."

ಬೈದೆ, ಕೂಗಾಡಿದೆ. ಕೇಳಲಿಲ್ಲ. ಜಿಂಕೆ ನಿಂತಿದ್ದ ಜಾಗಕ್ಕೆ ಹೋಗಿ ಮಂಡಿಯೂರಿದ. ಕೈಗವಸು ಕಿತ್ತು ಹಿಮವನ್ನು ಬೆರಳಲ್ಲಿ ಕೆದರಿದ. ಒಂದು ಕೂದಲೂ ಇಲ್ಲ, ಒಂದು ಹನಿಯೂ ಇಲ್ಲ. ಹೆಜ್ಜೆ ಹಿಡಿದು ಹೊರಟ. ಹತ್ತು ಮಾರು ನಡೆಯುವುದು, ಮರಕ್ಕೆ ಒರಗುವುದು, ಮತ್ತೆ ಬಾಗುವುದು. ನಾನು ಮುಂದೆ ದಿಣ್ಣೆಯಾಚೆ ತೊರೆಯವರೆಗೂ ಹೋಗಿ ಬಂದೆ. ಮೂರೂ ಜಿಂಕೆಗಳ ಹೆಜ್ಜೆ ಸಮನಾಗಿ, ಒಂದೇ ಓಟದಲ್ಲಿ ಹೋಗಿದ್ದವು. ಹಿಮ ಬೆಳ್ಳಗೇ ಇತ್ತು. ಬಂದು ಹೇಳಿದೆ. ನಂಬಲಿಲ್ಲ.

"ಗುಂಡು ಎಲ್ಲಿ ಹೋಯ್ತು ಹಂಗಾದ್ರೆ? ತೋರ್ಸು."

ಸಿಟ್ಟಿನಿಂದ ಹುಡುಕಿದೆ. ಅವನು ಕೂತಿದ್ದಲ್ಲಿಂದ ಜಿಂಕೆ ನಿಂತ ಜಾಗಕ್ಕೆ ಕಣ್ಣಿನಲ್ಲೇ ದಾರ ಎಳೆದು, ಅದರ ಹಿಂದಿನ ಒಂದೊಂದು ಮರವನ್ನೂ ಸವರಿದೆ. ಮಧ್ಯಾಹ್ನದ ಮೇಲೆ ಸಿಕ್ಕಿತು. ಒಂದು ಬೀಚ್ ಮರದ ನಯವಾದ ತೊಗಟೆಯಲ್ಲಿ, ನನ್ನ ತಲೆಗಿಂತ ಎತ್ತರದಲ್ಲಿ, ಹೊಸ ತೂತು. ಚಾಕುವಿನಿಂದ ತೊಗಟೆ ಕೆತ್ತಿದೆ. ತೂತಿನ ಬಾಯಿ ದುಂಡಗೆ, ಚೊಕ್ಕವಾಗಿತ್ತು. ಗುಂಡು ದಾರಿಯಲ್ಲಿ ಏನನ್ನೂ ಮುಟ್ಟಿರಲಿಲ್ಲ. ಜಿಂಕೆಯ ಬೆನ್ನ ಮೇಲೆ ಒಂದು ಮೊಳ ಎತ್ತರದಲ್ಲಿ ಹಾದುಹೋಗಿತ್ತು.

ಓರಿನ್ ತೂತಿನ ಮೇಲೆ ಹೆಬ್ಬೆರಳಿಟ್ಟ. ಆಮೇಲೆ ಮರವನ್ನು ತಬ್ಬಿಕೊಂಡು, ಹಣೆ ಒರಗಿಸಿ, ಅತ್ತ. ಅವನು ಅತ್ತದ್ದು ನಾನು ನೋಡಿದ್ದು ಅದೊಂದೇ ಸಲ. ಅಪ್ಪನ ಮಣ್ಣಿನ ದಿನವೂ ಅತ್ತವನಲ್ಲ.

"ತಾಗಿಲ್ಲ," ಅಂದ. "ತಾಗೇ ಇಲ್ಲ ಡಾರ್ಕಸ್."

"ಹೌದೋ ಮಾರಾಯ. ನಡಿ, ಸಾಯ್ತೀಯ ಚಳೀಲಿ."

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವನು ಕಣ್ಣೊರೆಸಿಕೊಂಡು ನಕ್ಕ.

ಸಂಜೆ ಕ್ಯಾಂಪಿನಲ್ಲಿ ಬೀನ್ಸು, ಜಿಂಕೆ ಸಾಸೇಜು. ಯಾರೂ ಬೆಳಗಿನ ಗುಂಡಿನ ಸದ್ದಿನ ಬಗ್ಗೆ ಕೇಳಲಿಲ್ಲ. ಎಲ್ಲರಿಗೂ ಕೇಳಿಸಿತ್ತು. ಬೇರೆ ವರ್ಷವಾಗಿದ್ದರೆ ಬಾಗಿಲಲ್ಲೇ ಹಿಡಿದು ಹರಾಜು ಹಾಕುತ್ತಿದ್ದರು. ಈಗ ತಟ್ಟೆ ನೋಡಿಕೊಂಡು ತಿಂದರು. ಎಮೆಟ್ ಒಲೆಗೆ ಕಟ್ಟಿಗೆ ಹಾಕಲು ಎದ್ದವನು, ಮೆಲ್ಲಗೆ ಕತ್ತರಿಯನ್ನು ಮೊಳೆಯಿಂದ ತೆಗೆದು ಹಿಟ್ಟಿನ ಡಬ್ಬಿಯ ಹಿಂದೆ ಸರಿಸಿದ.

ಓರಿನ್ ಅದನ್ನು ಕಂಡುಬಿಟ್ಟ. ಚಮಚ ಕೆಳಗಿಟ್ಟ.

"ಏನ್ರೋ ಇದು? ನಾನಾಗ್ಲೇ ಸತ್ತೋದ್ನಾ?"

"ಹಂಗಲ್ಲ ಓರಿನ್," ಅಂದ ಎಮೆಟ್. "ಎಡಗೈಯಲ್ಲಿ ಹೊಡೆದಿದ್ದೀಯ, ಮೈಯಲ್ಲಿ ಬೇರೆ ಸರಿಯಿಲ್ಲ. ಅದನ್ನ ಲೆಕ್ಕಕ್ಕೆ ಹಿಡಿಯಲ್ಲಪ್ಪ."

"ಯಾರಪ್ಪನ ಲೆಕ್ಕ? ಅರವತ್ತು ಗಜ, ಅಡ್ಡಕ್ಕೆ ನಿಂತಿತ್ತು. ಕುರುಡನೂ ಹೊಡೀತಿದ್ದ. ತಗೊಂಬಾ ಕತ್ತರಿ."

ಎದ್ದು ನಿಂತ. ಅಂಗಿಯ ಹಿಂಬದಿಯನ್ನು ಪ್ಯಾಂಟಿನಿಂದ ಎಳೆದು ಬೆನ್ನು ತಿರುಗಿಸಿದ. ಎಮೆಟ್ ಕತ್ತರಿ ತಂದ. ಅಂಗಿಯ ಅಂಚು ಹಿಡಿದ, ಬಿಟ್ಟ, ಆಗಲಿಲ್ಲ ಅವನಿಗೆ.

"ಕೊಡಿಲ್ಲಿ!" ಅಂತ ಗದರಿ ಕಿತ್ತುಕೊಂಡೆ.

ಕೆಂಪು ಚೌಕಳಿಯ ಉಣ್ಣೆ ಅಂಗಿ. ಹಿಂದೆ ಅವನ ಮೈಗೆ ಬಿಗಿಯಾಗುತ್ತಿತ್ತು. ಈಗ ಬಟ್ಟೆ ಎತ್ತಿ ಹಿಡಿದರೆ ಒಳಗೆ ಬನಿಯನ್ನಿನ ಮೇಲೆ ಬೆನ್ನೆಲುಬಿನ ಒಂದೊಂದು ಗಂಟೂ ಕಂಡಿತು. ಅವು ಕತ್ತರಿಗೆ ತಾಗದ ಹಾಗೆ ಎಡಗೈ ಅಡ್ಡ ಇಟ್ಟುಕೊಂಡು ಕತ್ತರಿಸಿದೆ.

"ಸೊಟ್ಟ ಕತ್ತರಿಸ್ಬೇಡ ಕಣೇ, ಜನ ನೋಡ್ತಾರೆ."

"ನೆಟ್ಟಗೆ ಹೊಡೆಯೋಕೆ ಬರದೋನಿಗೆ ನೆಟ್ಟಗೆ ಬೇರೆ ಕತ್ತರಿಸ್ಬೇಕಾ?"

ಆಗ ನಕ್ಕರು ಎಲ್ಲರೂ. ಮೇಜು ಬಡಿದು ನಕ್ಕರು. ಮೂವತ್ತು ವರ್ಷದ ಬಾಕಿ ಕುಚೋದ್ಯವನ್ನೆಲ್ಲ ಅವನ ತಲೆ ಮೇಲೆ ಸುರಿದರು. ಅವನು ರಾಜನ ಹಾಗೆ ಕೂತು ಕೇಳಿದ. ಚುಂಗನ್ನು ನನ್ನೆರಡರ ಪಕ್ಕದಲ್ಲೇ ಅವನೇ ಹಿಡಿದು ನಿಂತ, ಎಮೆಟ್ ಮೊಳೆ ಹೊಡೆದ.

ಫೆಬ್ರವರಿಯಲ್ಲಿ ಓರಿನ್ ಹೋದ. ಸುಲಭದ ಸಾವಲ್ಲ. ಅದನ್ನು ಬರೆಯಲಾರೆ. ಅವನಿಗೆ ಅಂಥ ಗುಂಡು ಯಾರೂ ತುಂಬಿಕೊಡಲಿಲ್ಲ.

ಅತ್ತಿಗೆ ವೆಲ್ಮಾ ಹೂಳುವುದಕ್ಕೆ ಬಟ್ಟೆ ಆರಿಸುವಾಗ ಸೂಟು ತೆಗೆದಳು, ಮತ್ತೆ ಒಳಗಿಟ್ಟು ಕೆಂಪು ಅಂಗಿ ತೆಗೆದಳು. ಹಿಂಬದಿಗೆ ತೇಪೆ ಹಾಕುತ್ತೇನೆ ಅಂದಳು. ಬೇಡ ಅಂದೆ. ಹಾಗೇ ಮಡಿಸಿ ನಾನೇ ಒಯ್ದು ಕೊಟ್ಟೆ.

ಹೆಣ ಸಿಂಗರಿಸುವವನು ಹೊಸಬ, ಪಕ್ಕದ ಜಿಲ್ಲೆಯವನು. ಅಂಗಿ ಬಿಡಿಸಿ ನೋಡಿದ. "ಇದು ಹಿಂದೆ ಹರಿದಿ—" ಅಂತ ಶುರು ಮಾಡಿದ. ನಾನು ಜಗಳಕ್ಕೆ ಬಾಯಿ ತೆರೆದೆ.

ಅಷ್ಟರಲ್ಲಿ ಅವನೇ ನಿಲ್ಲಿಸಿದ. ಕತ್ತರಿಸಿದ ಅಂಚಿನ ಮೇಲೆ ಬೆರಳಾಡಿಸಿದ.

"ಯಾವ ಕ್ಯಾಂಪು?" ಅಂದ.

"ಸ್ಟ್ರೇಯರ್."

ತಲೆಯಾಡಿಸಿದ. ಅಂಗಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಒಳಗೆ ಹೋದ.